ಪೆಟ್ಟಿಗೆಗೆ ಶಭಾಷ್

ಗಾಜಿನ ಲೋಟದ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ನಾನೇ ಮುಖ್ಯಸ್ಥೆ. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಯಾರೇ ಸೇರಿದರೂ ಕೆಲಸ ಕಲಿಸಿದವಳು ನಾನು. ಅಂಥ ನನ್ನ ಮುಂದೆ, ನಿನ್ನೆ ಮೊನ್ನೆ ಬಂದ ತರಬೇತಿ ಅಧಿಕಾರಿ ಒಂದು ಫಾರಂ ಇಟ್ಟ.

"ಯಾರಿಗೆ ಏನು ತರಬೇತಿ ಬೇಕು, ಬರೆದುಕೊಡಿ ಮೇಡಂ."

"ನನ್ನ ಹುಡುಗಿಯರಿಗಾ? ತರಬೇತಿಯಾ?" ನನಗೆ ಮೈಯೆಲ್ಲ ಉರಿದುಹೋಯಿತು.

ಅವನು ಮೆತ್ತಗೆ ಹೇಳಿದ: "ಲೋಟ ಒಡೆದು ವಾಪಸ್ ಬಂದಿರೋ ಪೆಟ್ಟಿಗೆಗಳಲ್ಲಿ ಮುಕ್ಕಾಲು ಪಾಲು ಮೂರನೇ ಮೇಜಿನವು. ಈ ವಾರದೊಳಗೆ ಕಾರಣ ಸಿಗದಿದ್ರೆ ಆ ಮೇಜಿನವರನ್ನ ಕೆಲಸದಿಂದ ತೆಗೀತಾರಂತೆ."

ಮೂರನೇ ಮೇಜು ನನ್ನ ನಾದಿನಿಯದು. ಹೋದ ವರ್ಷ ನಾನೇ ಕರೆತಂದು ಸೇರಿಸಿದ್ದೆ.

"ಅಯ್ಯೋ, ಅವಳಷ್ಟು ಅಚ್ಚುಕಟ್ಟು ಇನ್ನೊಬ್ಬರಿಲ್ಲ ರೀ! ನಾನು ಹಾಕಿದ ಗೆರೆ ದಾಟಲ್ಲ ಅವಳು."

"ಹಾಗಾದ್ರೆ ಫಾರಂ ಆಮೇಲೆ. ಮೊದಲು ಕೂತು ನೋಡೋಣ."

ಮೂಲೆಯಲ್ಲಿ ಎರಡು ಸ್ಟೂಲ್ ಹಾಕಿಕೊಂಡು ಕೂತೆವು. ನಾದಿನಿ ಒಂದೊಂದು ಲೋಟವನ್ನೂ ಕಾಗದದಲ್ಲಿ ಸುತ್ತಿ, ನಡುನಡುವೆ ರಟ್ಟಿನ ತುಂಡು ಸಿಕ್ಕಿಸಿ, ಮುಚ್ಚಳಕ್ಕೆ ಟೇಪು ಅಂಟಿಸಿದಳು. ಒಂದೇ ಒಂದು ಕುಂದಿಲ್ಲ. ಕೊನೆಗೆ ಅಂಗೈ ಬಿಡಿಸಿ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಬಿಟ್ಟಳು: ಧಪ್!

"ಅದೇನದು?" ಎಂದ ಅಧಿಕಾರಿ.

"ನಮ್ಮ ಪದ್ಧತಿ. ಪೆಟ್ಟಿಗೆ ಮುಗಿದ ಮೇಲೆ ಅದಕ್ಕೊಂದು ಶಭಾಷ್. ಮುಚ್ಚಳ ಸರಿಯಾಗಿ ಕೂತಿದೆಯಾ ಅಂತಾನೂ ಗೊತ್ತಾಗತ್ತೆ. ನಾನೇ ಕಲಿಸಿದ್ದು!" ಎಂದೆ ಜಂಬದಿಂದ.

ಹೇಳಿ ಮುಗಿಸುವಷ್ಟರಲ್ಲಿ ನನಗೇ ಹೊಳೆಯಿತು. ಆ ಪಾಠ ಮರದ ಪೆಟ್ಟಿಗೆಯ ಕಾಲದ್ದು. ರಟ್ಟಿನ ಪೆಟ್ಟಿಗೆ ಬಂದು ಎರಡು ವರ್ಷವಾದರೂ ನಾನು ಪಾಠ ಬದಲಿಸಿರಲಿಲ್ಲ. ಅಧಿಕಾರಿ ಎದ್ದುಹೋಗಿ ಪೆಟ್ಟಿಗೆ ಬಿಚ್ಚಿದ. ಮೇಲಿನ ಸಾಲಿನಲ್ಲಿ ಎರಡು ಲೋಟ ಬಿರುಕು ಬಿಟ್ಟಿದ್ದವು.

"ಮತ್ತೆ ಉಳಿದವರದ್ದು ಯಾಕೆ ಒಡೆಯಲ್ಲ?" ಎಂದೆ.

ಪಕ್ಕದ ಮೇಜಿನವಳು ಕಿಸಕ್ಕನೆ ನಕ್ಕಳು. "ನೀವು ನೋಡ್ತಿದ್ರೆ ಮಾತ್ರ ನಾವು ಹೊಡಿಯೋದು ಅಕ್ಕಾ!"

"ಎಲಾ ಕಳ್ಳಿಯರಾ!"

ನಾದಿನಿಯ ಮುಖ ಸಣ್ಣಗಾಗಿತ್ತು. "ಅತ್ತಿಗೆ, ನನ್ನಿಂದ ತಪ್ಪಾಯ್ತಾ?"

"ನಿಂದೇನೂ ಇಲ್ಲ ಕಣೇ. ನನ್ನ ಮಾತು ಕೇಳಿದ್ದೇ ನಿನ್ನ ತಪ್ಪು."

ಫಾರಂ ಎಳೆದುಕೊಂಡು 'ತರಬೇತಿ ಬೇಕಾದವರು' ಎಂಬಲ್ಲಿ ನನ್ನ ಹೆಸರೊಂದನ್ನೇ ಬರೆದೆ. ಕಲಿಸುವವರ ಜಾಗದಲ್ಲಿ ನಾದಿನಿಯ ಹೆಸರು. ಅಧಿಕಾರಿ ನಗುತ್ತ ಸಹಿ ಹಾಕಿದ. ಅವಳನ್ನು ತೆಗೆಯುವ ಮಾತು ಅಲ್ಲಿಗೇ ಮುಗಿಯಿತು.

ಸೋಮವಾರ ಎಲ್ಲರೆದುರು ನನ್ನ ತರಬೇತಿ. ನಾದಿನಿ ಹೇಳಿದಂತೆಯೇ ಸುತ್ತಿದೆ, ಜೋಡಿಸಿದೆ, ಟೇಪು ಹಾಕಿದೆ. ಹಾಳು ಅಭ್ಯಾಸ, ಅಂಗೈ ತಾನಾಗಿ ಮೇಲೆದ್ದಿತು. ಅವಳು ಗಬಕ್ಕನೆ ನನ್ನ ಮಣಿಕಟ್ಟು ಹಿಡಿದಳು.

"ಅತ್ತಿಗೆ, ಕೈ ಕಟ್ಟಿ ಕೂತ್ಕೊಳ್ಳಿ."

ಇಡೀ ವಿಭಾಗ ಗೊಳ್ಳೆಂದಿತು. ನಾನು ಕೈ ಕಟ್ಟಿ ಕೂತೆ.