ಬಿರುಕಿಲ್ಲದ ಕಲ್ಲು

ಕೆಳಗಿನ ಹಲಗೆಯ ಮೂಲೆಯಲ್ಲಿದ್ದ ಆ ಕಲ್ಲನ್ನು ಹಸಿಂತಾ ಹನ್ನೊಂದು ವರ್ಷ ಮುಟ್ಟಿರಲಿಲ್ಲ. ಅದು ಬಿರುಕು ಬಿಟ್ಟಿದೆ, ಅಚ್ಚಿನ ಯಂತ್ರಕ್ಕೆ ಕೊಟ್ಟರೆ ಎರಡು ಹೋಳಾಗುತ್ತದೆ ಎಂದು ನಬೋರ್ ಮೇಸ್ಟ್ರು ಹೇಳಿದ್ದರು. ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದ ವಹಾಕಾ ಊರಿನ ಆ ಅಚ್ಚುಮನೆಯಲ್ಲಿ ಮೇಸ್ಟ್ರ ಮಾತನ್ನು ತಟ್ಟಿ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಇವತ್ತು ಪ್ವೆಬ್ಲಾದಿಂದ ಬರಲಿದ್ದ ಚಿತ್ರಕಲಾವಿದೆಗೆ ದೊಡ್ಡ ಕಲ್ಲೇ ಬೇಕಿತ್ತು. ಉಳಿದ ದೊಡ್ಡ ಕಲ್ಲುಗಳ ಮೇಲೆಲ್ಲ ಯಾರದಾದರೂ ಚಿತ್ರ ಕೂತಿತ್ತು. ಮೇಸ್ಟ್ರು ಸಂತೆಗೆ ಹೋಗಿದ್ದರು. ಹಸಿಂತಾ ಕಲ್ಲನ್ನು ಎಳೆದು ಮೇಜಿಗೇರಿಸಿ, ಬೆರಳ ಗೆಣ್ಣಿನಿಂದ ನಾಲ್ಕು ಮೂಲೆಗಳನ್ನೂ ತಟ್ಟಿದಳು. ಒಡಕು ಸದ್ದು ಬರಲಿಲ್ಲ. ಗಂಟೆಯ ಹಾಗೆ ಮೊಳಗಿತು. ಮೇಸ್ಟ್ರಿಗೆ ವಯಸ್ಸಾಯಿತು, ಬೇರೆ ಯಾವುದೋ ಕಲ್ಲು ಅಂದುಕೊಂಡಿರಬೇಕು ಎಂದು ನಕ್ಕಳು.

ಬಹಳ ಕಾಲ ಬಿಟ್ಟ ಕಲ್ಲನ್ನು ಚಿತ್ರಕಾರರ ಕೈಗೆ ಕೊಡುವ ಮೊದಲು ಅಲ್ಲಿ ಒಂದು ಪರೀಕ್ಷೆ ಇತ್ತು. ಗೋಂದು ಬಳಿದು, ಒರೆಸಿ, ಒದ್ದೆ ಮಾಡಿ, ಮೇಲೆ ಶಾಯಿಯ ಉರುಳೆ ಹಾಯಿಸುವುದು. ಖಾಲಿ ಕಲ್ಲಾದರೆ ಶಾಯಿ ಅಂಟುವುದಿಲ್ಲ. ಹಿಂದಿನ ಚಿತ್ರದ ಜಿಡ್ಡು ಆಳದಲ್ಲಿ ಉಳಿದಿದ್ದರೆ ಎದ್ದು ಬರುತ್ತದೆ.

ಮೂರನೇ ಸಲಕ್ಕೆ ಒಂದು ಹೆಬ್ಬೆರಳು ಬಂತು. ಆಮೇಲೆ ಮಣಿಕಟ್ಟು, ಮೆಕ್ಕೆಜೋಳದ ತೆನೆ, ಕಾಳು ಬಿಡಿಸುತ್ತಿರುವ ಇನ್ನೊಂದು ಕೈ. ಕೆಳಮೂಲೆಯಲ್ಲಿ ಹೆಸರು. ಅಚ್ಚಿನಲ್ಲಿ ನೇರವಾಗಿ ಬರಲೆಂದು ಕಲ್ಲಿನ ಮೇಲೆ ಹೆಸರನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಈ ಹೆಸರು ನೇರವಾಗಿತ್ತು. ಮೊದಲ ಕಲ್ಲಿನಲ್ಲಿ ಮಾತ್ರ ಮಾಡುವ ತಪ್ಪು ಅದು. ಹಸಿಂತಾ, ಎಂದು ಹಸಿಂತಾ ತನ್ನ ಹೆಸರನ್ನೇ ಓದಿದಳು.

ಅದನ್ನು ಬರೆದಾಗ ಅವಳಿಗೆ ಹತ್ತೊಂಬತ್ತು. ಅಜ್ಜಿಯ ಕೈಗಳನ್ನು ಬರೆದು ಮುಗಿಸಿದ ದಿನವೇ ಅಜ್ಜಿ ತೀರಿಕೊಂಡ ಸುದ್ದಿ ಬಂದಿತ್ತು. ಮಣ್ಣು ಮಾಡಿ ನಾಲ್ಕನೇ ದಿನ ತಿರುಗಿ ಬಂದಾಗ ಮೇಸ್ಟ್ರು ಅವಳ ತಲೆ ಸವರಿ, ಕಲ್ಲು ನಿನ್ನ ಚಿತ್ರ ಹಿಡಿಯಲಿಲ್ಲ ಎಂದಿದ್ದರು. ಒಂದೂ ಪ್ರತಿ ಬರಲಿಲ್ಲ, ಮರಳು ಹಾಕಿ ಉಜ್ಜಿ ಅಳಿಸಿಬಿಟ್ಟೆ. ಕೆಲವರ ಕೈಯನ್ನು ಕಲ್ಲು ಒಪ್ಪುವುದಿಲ್ಲ. ಅದರೊಳಗೆ ಏನಾಗುತ್ತದೆಂದು ಶಾಯಿ ಹಾಕುವವರೆಗೂ ಯಾರಿಗೂ ಗೊತ್ತಿಲ್ಲ ಎಂದೂ ಸೇರಿಸಿದ್ದರು.

ಅವಳು ನಂಬಿದ್ದಳು. ಬರೆಯುವುದನ್ನು ಬಿಟ್ಟಳು. ಬೇರೆಯವರ ಚಿತ್ರಗಳನ್ನು ಅಚ್ಚು ಹಾಕುವುದರಲ್ಲಿ ಅವಳಂಥ ಕೈ ಊರಲ್ಲಿಲ್ಲ ಎಂದು ಜನ ಹೇಳುವಷ್ಟು ಕಲಿತಳು. ಆ ಕಲಿಕೆಯಿಂದಲೇ ಈಗ ಇನ್ನೊಂದು ವಿಷಯವೂ ಗೊತ್ತಿತ್ತು: ಹಿಡಿಯದ ಚಿತ್ರ ಹೀಗೆ ಮರಳಿ ಬರುವುದಿಲ್ಲ.

ಮೇಸ್ಟ್ರು ಎರಡು ಸೋರೆಬುರುಡೆಗಳಲ್ಲಿ ತೆಹಾತೆ ಎಂಬ ಜೋಳದ ಪಾನೀಯ ಹಿಡಿದು ಒಳಗೆ ಬಂದರು. ಮೇಲೆ ಕೋಕೋ ನೊರೆ ತುಳುಕುತ್ತಿತ್ತು.

"ಏನವ್ವಾ, ಬೆಳಿಗ್ಗೆಯಿಂದ ಕಲ್ಲಿಗೆ ಸ್ನಾನ ಮಾಡಿಸ್ತಾನೇ ಇದೀಯಲ್ಲ. ಸೋಪು ತರಬೇಕಿತ್ತಾ?" ಎಂದವರು ಮೇಜಿನ ಹತ್ತಿರ ಬಂದು, ಕಲ್ಲಿನ ಮೇಲೆ ಎದ್ದಿದ್ದ ಕೈಗಳನ್ನು ಕಂಡರು.

"ಇದರ ಬಿರುಕು ಎಲ್ಲಿದೆ, ತೋರಿಸಿ ಮೇಸ್ಟ್ರೆ."

ಅವರು ಬುರುಡೆಗಳನ್ನು ಕೆಳಗಿಡಲು ಜಾಗ ಹುಡುಕಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ನೆಲ ನೋಡುತ್ತ ಹೇಳಿದರು. ನಾಲ್ಕು ಪ್ರತಿ ತೆಗೆದಿದ್ದರಂತೆ. ನಾಲ್ಕನ್ನೂ ಒಲೆಗೆ ಹಾಕಿದರಂತೆ. ಅವಳು ಬರುವಷ್ಟರಲ್ಲಿ ಮುಗಿಸಬೇಕೆಂಬ ಅವಸರದಲ್ಲಿ ಕಲ್ಲನ್ನು ಒಂದೇ ಸಲ ಉಜ್ಜಿದ್ದರಂತೆ.

"ಬರೆದವರೇ ಉಜ್ಜಬೇಕು ಅಂತ ನೀವೇ ಗೋಡೆ ಮೇಲೆ ಬರೆಸಿದೀರಿ."

"ಹೌದು."

"ಮತ್ಯಾಕೆ?"

"ಆ ಪ್ರತಿ ನೋಡಿದ್ದಿದ್ರೆ ವರ್ಷದೊಳಗೆ ನೀನು ಚಿತ್ರ ಬರೆಯೋಕೆ ಅಂತ ರಾಜಧಾನಿಗೆ ಹೋಗ್ತಿದ್ದೆ. ನನ್ನ ಬಲ ಮೊಣಕೈ ಆಗ್ಲೇ ಬಿದ್ದುಹೋಗಿತ್ತು, ಮಗಳೇ. ಉರುಳೆ ಹಿಡಿಯೋರು ಬೇಕಿತ್ತು."

ಹಸಿಂತಾ ಚಿತ್ರದ ಮೇಲೆ ಇನ್ನೊಮ್ಮೆ ಉರುಳೆ ಹಾಯಿಸಿದಳು. ಕಲ್ಲನ್ನು ಯಂತ್ರಕ್ಕೆ ಸರಿಸಿ, ಒಳ್ಳೆಯ ಕಾಗದವನ್ನೇ ಆರಿಸಿ ಹಾಸಿದಳು. ಹಿಡಿ ತಿರುಗಿಸಿ ಎಂದು ಮೇಸ್ಟ್ರಿಗೆ ಕಣ್ಣಲ್ಲೇ ಹೇಳಿದಳು. ಅವರು ಎದ್ದು ಎಡಗೈಯಲ್ಲಿ, ಹಲ್ಲು ಕಚ್ಚಿ ತಿರುಗಿಸಿದರು. ಆ ಅಚ್ಚುಮನೆಯಲ್ಲಿ ಅಚ್ಚು ತೆಗೆಯುವವಳು ಚಿತ್ರ ಬರೆದವಳಾಗಿ ನಿಂತಿದ್ದು ಅವತ್ತೊಂದೇ ಸಲ.

ಕಾಗದ ಎತ್ತಿದಳು. ಬೆರಳುಗಳಿಗೆ ಅಲ್ಲಲ್ಲಿ ತೂತು ಬಿದ್ದಿತ್ತು. ತೆನೆಯ ಅರ್ಧ ಮರಳು ತಿಂದಿತ್ತು. ಅಜ್ಜಿಯ ಕೈ ಎಂದು ಗೊತ್ತಿದ್ದವರಿಗೆ ಮಾತ್ರ ಅಜ್ಜಿಯ ಕೈ. ಚಿತ್ರ ಚೆನ್ನಾಗಿತ್ತೋ ಇಲ್ಲವೋ ಎಂದು ಇದರಿಂದ ತಿಳಿಯುವಂತಿರಲಿಲ್ಲ. ಸುಟ್ಟುಹೋದ ಆ ನಾಲ್ಕರಲ್ಲಿ ಏನಿತ್ತು ಎಂದು ಕಂಡ ಕಣ್ಣು ಲೋಕದಲ್ಲಿ ಒಂದೇ ಜೊತೆ.

"ಚೆನ್ನಾಗಿತ್ತು," ಎಂದರು ಮೇಸ್ಟ್ರು. "ಇಲ್ಲಿ ಆಗಿರೋದರಲ್ಲೆಲ್ಲ ಚೆನ್ನಾಗಿತ್ತು. ಸತ್ಯವಾಗ್ಲೂ."

ಹನ್ನೊಂದು ವರ್ಷ ಅವಳು ಕಾದಿದ್ದು ಆ ಒಂದು ಮಾತಿಗೆ. ಈಗ ಅದು ಬಂದಿತ್ತು, ಸುಳ್ಳು ಹೇಳಿದ್ದ ಅದೇ ಬಾಯಿಂದ.

ಅವಳು ಕಾಗದವನ್ನು ಒಣಗಲು ಹಾಕಲಿಲ್ಲ. ಮಡಿಚಿ ಅವರ ಅಂಗಿಯ ಜೇಬಿಗೆ ತುರುಕಿದಳು. ಕಲ್ಲಿನ ಮೇಲೆ ಮರಳು ಚೆಲ್ಲಿ, ನೀರು ಹುಯ್ದು, ಮೇಲೊಂದು ಸಣ್ಣ ಕಲ್ಲಿಟ್ಟು ಸುತ್ತಿಸತೊಡಗಿದಳು. ಮೇಸ್ಟ್ರು ನೀರು ಹುಯ್ಯಲು ಮಗ್ಗು ತೆಗೆದುಕೊಂಡರು.

"ಕೂತ್ಕೊಳ್ಳಿ. ನನ್ನ ಕಲ್ಲು ನಾನು ಉಜ್ಕೋತೀನಿ."

ಮೂರು ಬಗೆಯ ಮರಳು, ಒಂದೊಂದಕ್ಕೂ ಎಷ್ಟೋ ಸುತ್ತು. ತೆಹಾತೆಯ ನೊರೆ ಇಳಿದು ಬುರುಡೆಯಂಚಿಗೆ ಅಂಟಿತ್ತು. ಕೆಸರನ್ನು ತೊಳೆದಾಗ ಕಲ್ಲು ಬೂದು ಬಣ್ಣದಲ್ಲಿ ನುಣ್ಣಗಿತ್ತು.

"ಹೋಯ್ತಾ?" ಮೇಸ್ಟ್ರು ಕೇಳಿದರು.

"ಯಾರಿಗೆ ಗೊತ್ತು ಮೇಸ್ಟ್ರೆ," ಎಂದಳು, ಕೈ ಒರೆಸಿಕೊಳ್ಳುತ್ತ. "ಶಾಯಿ ಹಾಕಿ ನೋಡ್ಕೊಳ್ಳಿ. ನಾಳೆಯಿಂದ ಉರುಳೆ ನಿಮ್ಮದೇ."