ಹೆರಿಗೆ ಕೋಣೆಯ ಬಾಗಿಲು

“ಬಾಯಿ ಮುಚ್ಕೊಳ್ಳೇ ಮುಂಡೆ. ಗಂಡನ ಪಕ್ಕ ಮಲಗುವಾಗ್ಲೂ ಹಿಂಗೇ ಅರಚ್ಕೊಂಡ್ಯಾ?”

ನರ್ಸಮ್ಮನ ಕೈ ಹೆರಿಗೆ ಮಂಚದ ಮೇಲಿದ್ದ ಹುಡುಗಿಯ ತೊಡೆಗೆ ಫಟ್ಟೆಂದು ಬಿತ್ತು. ನೆಲ ಒರೆಸುತ್ತಿದ್ದ ಆಯಾ ತಲೆ ತಗ್ಗಿಸಿದಳು. ಆ ಹುಡುಗಿ ಅವಳ ಸೊಸೆ. ಬಾಗಿಲು ಹಾಕು ಎಂದು ನರ್ಸಮ್ಮ ಗದರಿದಳು. ಎದುರು ಕೋಣೆಯಲ್ಲಿ ಡಾಕ್ಟರಮ್ಮ ಕೂತಿರುತ್ತಿದ್ದರು, ಹೆರುವವರ ಗೋಳು ಅವರ ಕಿವಿಗೆ ಬೀಳಬಾರದು. ಎಷ್ಟೋ ಹೆಂಗಸರ ಗೋಳಿನ ಮೇಲೆ ಆ ಬಾಗಿಲು ಎಳೆದಿದ್ದ ಆಯಾ ಇವತ್ತೂ ಎಳೆದಳು.

ಅವಳಿಗೆ ಬಂದದ್ದು ಸಿಟ್ಟಲ್ಲ, ನಾಚಿಕೆ. ಸೊಸೆಯ ಕಿವಿಯ ಹತ್ತಿರ ಬಗ್ಗಿ, “ಇಲ್ಲಿ ಎಲ್ರೂ ನನ್ನ ಬಲ್ಲೋರು. ನನ್ನ ಮಾನ ಕಳೀಬೇಡ ಕಣೇ, ಹಲ್ಲು ಕಚ್ಕೊಂಡಿರು” ಅಂದಳು.

ಹುಡುಗಿ ಹೊದಿಕೆಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಅವಳಿಂದ ಸದ್ದೇ ಇಲ್ಲ. ಮುಕ್ಕು ಅಂದಾಗೆಲ್ಲ ಉಸಿರು ಬಿಗಿಹಿಡಿದು ಮುಕ್ಕಿದಳು. ಕಿಟಕಿಯ ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಯಿತು, ಮಗುವಿನ ತಲೆ ಮಾತ್ರ ಇದ್ದಲ್ಲೇ ಇತ್ತು. ನಿನ್ನ ಸೊಸೆ ಪರವಾಗಿಲ್ಲ, ಒಳ್ಳೆ ಗಟ್ಟಿಗಿತ್ತಿ ಎಂದು ನರ್ಸಮ್ಮ ಹೋಗುತ್ತ ಬರುತ್ತ ಹೊಗಳಿದಳು. ಆಯಾ ಉಬ್ಬಿಹೋದಳು. ಮುದಿ ಕತ್ತೆ, ಉಬ್ಬಿಹೋದಳು.

ಡಾಕ್ಟರಮ್ಮ ಬಂದು ನೋಡುವ ಹೊತ್ತಿಗೆ ಹೊಟ್ಟೆ ಕೊಯ್ಯದೆ ದಾರಿಯಿರಲಿಲ್ಲ. ಕೊಯ್ದರೂ ತಲೆ ಮೇಲೆ ಬರಲಿಲ್ಲ; ಅದು ಕೆಳಗಿನ ಎಲುಬುಗಳ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಕೆಳಗಿನಿಂದ ತಳ್ಳಲು ಒಂದು ಕೈ ಬೇಕಾಯಿತು. ಸಿಕ್ಕಿದ್ದು ಆಯಾಳ ಕೈ. ಗ್ಲೌಸ್ ತೊಡಿಸಿ ನಿಲ್ಲಿಸಿದರು. ಹೊರಗೆ ಬರಬೇಕಾದ ಮೊಮ್ಮಗನ ತಲೆಯನ್ನು ಅಜ್ಜಿ ಒಳಕ್ಕೆ ತಳ್ಳಿದಳು. ಗರ್ಭಕೋಶ ಹರಿಯಿತು, ರಕ್ತ ಅವಳ ಮೊಣಕೈವರೆಗೆ ಇಳಿಯಿತು. ಮಗು ನೀಲಿಯಾಗಿ ಬಂತು, ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಉಸಿರಿಗೆ ನಳಿಕೆ ಹಾಕಿ ಮಲಗಿಸಿದರು.

ಡಾಕ್ಟರಮ್ಮ ಕೈ ತೊಳೆಯುತ್ತ ಸಿಡುಕಿದರು. “ಇಷ್ಟು ನೋವು ತಿಂದೋಳು ಒಂದ್ಸಲ ಕಿರುಚೋದಲ್ವಾ? ಸುಮ್ನೆ ಬಿದ್ಕೊಂಡಿದ್ರೆ ನಂಗೇನು ಕನಸು ಬೀಳುತ್ತಾ? ನಿಮ್ಮ ಜನಾನೇ ಇಷ್ಟು.”

ಆಯಾ ನೆಲದ ಮೇಲಿನ ರಕ್ತ ಒರೆಸಿದಳು.

ಮರುದಿನ ಸೊಸೆ ಕಣ್ಣು ತೆರೆದಾಗ ಮಗು ಎಲ್ಲಿ ಎಂದು ಕೇಳುವ ಮೊದಲೇ, “ಅತ್ತೆ, ನಾನು ಕಿರುಚಲಿಲ್ಲ ಅಲ್ವಾ?” ಅಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಆಯಾಗೆ. ಸೊಸೆಯ ಮುಖ ನೋಡಲಾಗದೆ ಬಕೆಟ್ ಎತ್ತಿಕೊಂಡು ಹೊರಬಿದ್ದಳು.

ಹೆರಿಗೆ ಕೋಣೆಯಲ್ಲಿ ಇನ್ನೊಬ್ಬಳು ಬಾಯಿಗೆ ಬಟ್ಟೆ ಕಚ್ಚಿಕೊಂಡು ಒದ್ದಾಡುತ್ತಿದ್ದಳು. ಬಾಗಿಲು ಹಾಕು ಎಂದಳು ನರ್ಸಮ್ಮ. ಆಯಾ ಬಾಗಿಲನ್ನು ಗೋಡೆಯ ತನಕ ತೆರೆದು, ತುಂಬಿದ ಬಕೆಟ್ಟನ್ನು ಅದಕ್ಕೆ ಒತ್ತಿ ಇಟ್ಟಳು.

“ಕಿವಿ ಕೇಳಲ್ವೇನೇ? ಕೆಲಸ ಬೇಡ್ವಾ ನಿಂಗೆ?”

ಆಯಾ ಆ ಹೆಂಗಸಿನ ಬಾಯಿಂದ ಬಟ್ಟೆ ಕಿತ್ತೆಸೆದಳು.

“ಕಿರುಚು ತಾಯಿ. ಎದುರು ಕೋಣೆಗೆ ಕೇಳೋ ಹಾಗೆ ಕಿರುಚು.”