ಕೋಟಾ ತುಂಬಿದ ಬೆಳಿಗ್ಗೆ

ನಮ್ಮ ಅತ್ತಿಗೆಯ ಶೆಡ್ಡಿನ ಬೆಳ್ಳುಳ್ಳಿ ಅಂದರೆ ಸುಮ್ಮನೆ ಅಲ್ಲ. ಅದರ ಘಾಟು ತಾಳಲಾರದೆ ಹಡಗಿನ ಇಲಿಗಳು ಸಮುದ್ರಕ್ಕೆ ಹಾರಿ, ಈಜಿಕೊಂಡು ಮನೆ ಸೇರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆ ಬೆಳ್ಳುಳ್ಳಿಯನ್ನು ಬಂದರಿಗೆ ಸಾಗಿಸುವ ಲಾರಿ ನನ್ನದು. ನಾನು ಹೊರಟರೆ ಗಾಳಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ.

ಸಮುದ್ರದಾಚೆಯ ದೇಶದವರು ಹೊಸ ನಿಯಮ ತಂದಿದ್ದರು. ವರ್ಷಕ್ಕೆ ಇಷ್ಟೇ ಬೆಳ್ಳುಳ್ಳಿಗೆ ಕಡಿಮೆ ಸುಂಕ, ಮೊದಲು ಬಂದವರಿಗೆ ಮೊದಲ ಪಾಲು. ಆ ಕೋಟಾ ತುಂಬಿದ ಮೇಲೆ ಬಂದರೆ ಸರಕಿಗಿಂತ ಸುಂಕವೇ ದಪ್ಪ. ಈ ಸಲ ಅದರೊಳಗೆ ನುಸುಳದಿದ್ದರೆ ಶೆಡ್ಡು ಮುಚ್ಚುವುದೇ ಎಂದು ಅತ್ತಿಗೆ ಹೇಳಿಬಿಟ್ಟಿದ್ದಳು.

ಆದರೂ ತನ್ನ ಪದ್ಧತಿ ಬಿಡಲಿಲ್ಲ. ಒಂದೊಂದು ಗಡ್ಡೆಯನ್ನೂ ಶೆಡ್ಡಿನ ಕೆಲಸದ ಹೆಂಗಸರು ಹೆಬ್ಬೆರಳಲ್ಲಿ ಒತ್ತಬೇಕು, ಮೆತ್ತಗಿದ್ದರೆ ಹೊರಗೆ.

“ಅತ್ತಿಗೆ, ಬೆಳ್ಳುಳ್ಳಿಗೆ ನಾಡಿ ನೋಡ್ತಾ ಕೂತ್ರೆ ಹಡಗು ಹೋಗುತ್ತೆ.”

“ಬಡಾಯಿರಾಯ, ನಿನ್ನ ತಲೇನೂ ಒತ್ತಿ ನೋಡ್ಬೇಕಿತ್ತು,” ಅಂದಳು ಹೆಂಗಸರಲ್ಲಿ ಹಿರಿಯಳಾದ ದೊಡ್ಡಕ್ಕ. ಎಲ್ಲರೂ ನಕ್ಕರು.

ಅತ್ತಿಗೆಯನ್ನೂ ಹತ್ತಿಸಿಕೊಂಡು ಲಾರಿ ಓಡಿಸಿದೆ ನೋಡಿ, ನಮ್ಮ ನೆರಳೇ ಹಿಂದೆ ಬಿದ್ದು ಏದುಸಿರು ಬಿಟ್ಟಿತು.

ಬಂದರಿನ ಏಜೆಂಟ್ ಫೋನ್ ಕೆಳಗಿಟ್ಟು ಕನ್ನಡಕ ಒರೆಸಿದ. “ಕೋಟಾ ಇವತ್ತು ಬೆಳಿಗ್ಗೆ ತೆರೀತು. ಬೆಳಿಗ್ಗೇನೇ ತುಂಬ್ತು.”

“ಅಷ್ಟು ಬೇಗ ಯಾವ ಹಡಗು ಹೋಯ್ತು?” ಅತ್ತಿಗೆ ಕೇಳಿದಳು.

“ಹಡಗು ಯಾಕಮ್ಮ? ದೊಡ್ಡ ಕಂಪನಿಯವರು ಮೊದಲೇ ತಗೊಂಡ್ಹೋಗಿ, ಸುಂಕ ಕಟ್ಟದೆ ಅಲ್ಲಿನ ಗೋದಾಮಲ್ಲಿ ತುಂಬಿಟ್ಟಿರ್ತಾರೆ. ಸುಂಕದ ಕಚೇರಿ ಬಾಗಿಲು ತೆಗೀತಿದ್ದ ಹಾಗೆ ಕಾಗದ ಕೊಡ್ತಾರೆ, ಮುಗೀತು.”

“ಹಾಗಾದ್ರೆ ನಾವು ಒತ್ತಿ ನೋಡದೆ ತಂದಿದ್ರೂ?”

“ಹಾರ್ಕೊಂಡು ಬಂದಿದ್ರೂ ಅಷ್ಟೆ.”

“ಮುಂದಿನ ವರ್ಷ?”

“ಅದಕ್ಕೂ ಗೋದಾಮು ಹಿಡಿದಿಟ್ಟಾಗಿದೆ.”

ತುಂಬಿದ ಲಾರಿ ಹಾಗೇ ವಾಪಸ್ಸು. ಎಷ್ಟು ನಿಧಾನ ಅಂದರೆ, ಬಸವನಹುಳುವೊಂದು ಬೈದುಕೊಂಡು ನಮ್ಮನ್ನು ದಾಟಿ ಹೋಯಿತು. ಹಾಗಂತ ಹೇಳಿದರೂ ಅತ್ತಿಗೆ ನಗಲಿಲ್ಲ. ಶೆಡ್ಡು ಬಂದರೂ ಇಳಿಯಲಿಲ್ಲ.

“ನೀನೇ ಹೇಳು, ನನ್ನ ಕೈಲಿ ಆಗಲ್ಲ.”

ಒಳಗೆ ಹೋಗಿ ಹೇಳಿದೆ: ಶೆಡ್ಡು ಮುಚ್ಚಿತು, ಒಂದು ಹಡಗೂ ಹೋಗದೆ ಬೆಳಿಗ್ಗೆಯೇ ಕೋಟಾ ತುಂಬಿತು.

“ಹಡಗೇ ಹೋಗ್ದೆ?” ದೊಡ್ಡಕ್ಕ ತಲೆಯೆತ್ತಲಿಲ್ಲ. “ಸುಳ್ಳಿಗೂ ಒಂದು ತಲೆಬುಡ ಇರಲಿ ಕಣೋ.”

ಇನ್ನೊಮ್ಮೆ ಹೇಳಿದೆ, ಏನೂ ಸೇರಿಸದೆ. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಗಟ್ಟಿ ಗಡ್ಡೆಗಳನ್ನು ಆರಿಸಿ ಮುಂದಿನ ಲೋಡಿನ ಚೀಲಕ್ಕೆ ಹಾಕತೊಡಗಿದರು.